ಗಣಿತಾಭ್ಯಾಸದ ಎರಡು ಪರಂಪರೆಗಳು

ಹೈಸ್ಕೂಲಿನಲ್ಲಿ ಗಣಿತದ ಪತ್ರಿಕೆಗೆ ನೂರಕ್ಕೆ ನೂರು ತೆಗೆದು, ಮೇಷ್ಟರಿಂದ ಶಹಭಾಸ್ ಎನ್ನಿಸಿಕೊಂಡು, ಊರವರ ಬಾಯಲ್ಲಿ ಲೆಕ್ಕದ ಹುಲಿಯೆಂದು ಹೆಸರಾದ ಹುಡುಗನು, ವಿಶ್ವವಿದ್ಯಾನಿಲಯದ ಗಣಿತದ ತರಗತಿಯನ್ನು ಸೇರಿದ ಮೊದಲ ಕೆಲವು ತಿಂಗಳುಗಳಲ್ಲಿಯೇ, ತಾನು ಇದುವರೆಗೆ ಕಲಿತದ್ದು ಗಣಿತವೇ ಹೌದೋ ಅಲ್ಲವೋ ಎಂಬ ಸಂದೇಹಕ್ಕೆ ಒಳಗಾಗುವುದು ಹೊಸ ಸಂಗತಿಯೇನೂ ಅಲ್ಲ. ಒಂದು ರಾತ್ರಿಗೆ ಒಂದು ಅಭ್ಯಾಸದ ಲೆಕ್ಕಗಳನ್ನೆಲ್ಲ ಮಾಡಿ ಮುಗಿಸುತ್ತಿದ್ದ ಕೈ, ಒಂದೇ ಒಂದು ಪ್ರಮೇಯದ ಎದುರಿನಲ್ಲಿ ಸಂಜೆಯೆಲ್ಲ ನಿಶ್ಚೇಷ್ಟಿತವಾಗಿಬಿಡುತ್ತದೆ. ಪುಸ್ತಕದ ಕೊನೆಯಲ್ಲಿ ಉತ್ತರವನ್ನು ನೋಡೋಣವೆಂದರೆ, ಕೇಳಿರುವುದು ಉತ್ತರವನ್ನಲ್ಲ, ಉಪಪತ್ತಿಯನ್ನು. ಇದನ್ನು ಹುಡುಗನ ಬುದ್ಧಿಮಾಂದ್ಯವೆಂದು ಮನೆಯವರೂ, ಹೈಸ್ಕೂಲಿನ ಬೋಧನೆಯ ದೋಷವೆಂದು ಕಾಲೇಜಿನವರೂ, ಕಾಲೇಜಿನವರ ಬಿಗುಮಾನವೆಂದು ಹೈಸ್ಕೂಲಿನವರೂ ಹೇಳುತ್ತ ಬಂದಿದ್ದಾರೆ. ಆದರೆ ಗಣಿತಶಿಕ್ಷಣದ ಚರಿತ್ರೆಯನ್ನು ಕೊಂಚ ಕೆದಕಿ ನೋಡಿದರೆ, ಈ ಎರಡು ಗಣಿತಗಳು ಒಂದೇ ವಂಶದಲ್ಲಿ ಹುಟ್ಟಿದವಲ್ಲವೆಂದೂ, ಒಂದಕ್ಕಾಗಿ ರೂಢಿಸಿಕೊಂಡ ಅಭ್ಯಾಸಕ್ರಮವು ಇನ್ನೊಂದಕ್ಕೆ ಒದಗದೆಹೋಗುವುದು ಚರಿತ್ರೆಯ ಸಹಜವಾದ ಫಲವೆಂದೂ ಮನವರಿಕೆಯಾಗುತ್ತದೆ.

ಶಾಲೆಯ ಗಣಿತದ ಮೂಲ ಅಂಗಡಿಯಲ್ಲಿದೆ, ಹೊಲದ ಅಳತೆಯಲ್ಲಿದೆ, ಶಾನುಭೋಗರ ಕಡತದಲ್ಲಿದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವಾಗಲಿ, ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಬರೆದ ‘ವ್ಯವಹಾರಗಣಿತ’ವಾಗಲಿ, ಸೂತ್ರವನ್ನು ಹೇಳಿ, ಉದಾಹರಣೆಯನ್ನು ಕೊಟ್ಟು, ಓದುಗನನ್ನು ಬಡ್ಡಿ, ಬೆಲೆ, ಕ್ಷೇತ್ರಫಲಗಳ ಲೋಕಕ್ಕೆ ಕರೆದೊಯ್ಯತಕ್ಕ ಗ್ರಂಥಗಳು. ನಮ್ಮ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ಅಂಕಿಗಳನ್ನು ತಿದ್ದಿ, ಸಂಜೆ ಸಾಲಾಗಿ ನಿಂತು ಮಗ್ಗಿಯನ್ನು ಒಪ್ಪಿಸಿ, ಕಾಲು ಅರೆ ಮುಕ್ಕಾಲುಗಳ ಮಗ್ಗಿಯನ್ನು ಸಹ ಬಾಯಿಪಾಠ ಮಾಡಿಕೊಂಡ ಹುಡುಗನಿಗೆ, ಸಂತೆಯಲ್ಲಿ ಕಾಗದ ಲೇಖನಿಗಳ ಅವಶ್ಯಕತೆಯೇ ಇರಲಿಲ್ಲ. ಆ ವಿದ್ಯೆಗೆ ಬೇಕಾಗಿದ್ದುದು ವೇಗ, ನೆನಪು, ತಪ್ಪಿಲ್ಲದ ಕೈ. ಅವನ್ನು ಅದು ಧಾರಾಳವಾಗಿ ಕೊಟ್ಟಿತು. ಇದರಿಂದ ನಮ್ಮ ಹಿರಿಯರಿಗೆ ಉಪಪತ್ತಿಯೇ ತಿಳಿದಿರಲಿಲ್ಲವೆಂದು ಯಾರೂ ಭಾವಿಸಬಾರದು. ನೆರೆಯ ಕೇರಳದಲ್ಲಿ ಹದಿನಾರನೆಯ ಶತಮಾನದ ಜ್ಯೇಷ್ಠದೇವನು ತನ್ನ ‘ಯುಕ್ತಿಭಾಷಾ’ ಗ್ರಂಥದಲ್ಲಿ ಅನಂತಶ್ರೇಣಿಗಳ ಉಪಪತ್ತಿಗಳನ್ನು ಮಲೆಯಾಳದ ಗದ್ಯದಲ್ಲಿಯೇ ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಆದರೆ ಅಂಥ ಗ್ರಂಥ ಗುರುಮನೆಯ ಕೆಲವೇ ಶಿಷ್ಯರ ಸೊತ್ತಾಗಿತ್ತೇ ಹೊರತು ಮಠದ ಮಕ್ಕಳ ಪಾಠವಾಗಿರಲಿಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ ಯೂಕ್ಲಿಡನ ರೇಖಾಗಣಿತವೇ ಪಾಠವಾಗಿದ್ದುದರಿಂದ ಅಲ್ಲಿಯ ಹುಡುಗನಿಗಾದರೂ ಉಪಪತ್ತಿಯ ಪರಿಚಯವಿದ್ದಿರಬೇಕೆಂದು ತೋರುತ್ತದೆ. ವಸ್ತುತಃ ಅವನು ಅದನ್ನೂ ಮಗ್ಗಿಯಂತೆಯೇ ಕಂಠಪಾಠ ಮಾಡುತ್ತಿದ್ದನೆಂಬುದೂ, ಆಕೃತಿಯ ಮೂಲೆಗಳಲ್ಲಿ ಅಕ್ಷರಗಳನ್ನು ಅದಲುಬದಲು ಮಾಡಿದರೆ ತಡವರಿಸುತ್ತಿದ್ದನೆಂಬುದೂ ಆ ಕಾಲದ ಸಾಮಾನ್ಯವಾದ ದೂರು.

ಶಾಲೆಯ ಈ ಅಭ್ಯಾಸವು ವಿಶ್ವವಿದ್ಯಾನಿಲಯದ ಬಾಗಿಲಿನಲ್ಲಿ ನಿಲ್ಲದೆ ಒಳಗೂ ಪ್ರವೇಶಿಸಿ, ಅಲ್ಲಿಯೇ ತನ್ನ ಪರಾಕಾಷ್ಠೆಯನ್ನು ಮುಟ್ಟಿದ ಸ್ಥಳ ಕೇಂಬ್ರಿಜ್. ಅಲ್ಲಿನ ಗಣಿತದ ಪದವಿಪರೀಕ್ಷೆಗೆ ಟ್ರೈಪಾಸ್ ಎಂದು ಹೆಸರು. ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದವರು ರ‍್ಯಾಂಗ್ಲರುಗಳು. ಅವರಲ್ಲಿ ಮೊದಲನೆಯವನು ಸೀನಿಯರ್ ರ‍್ಯಾಂಗ್ಲರ್. ಅವನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಗುತ್ತಿದ್ದಿತು. ಜನವರಿಯ ಚಳಿಯಲ್ಲಿ ಸೆನೆಟ್ ಭವನದ ಮೇಜುಗಳ ಮುಂದೆ ಕುಳಿತು ಬರೆಯಬೇಕಾಗಿದ್ದ ಈ ಪರೀಕ್ಷೆಯ ಗಾತ್ರವನ್ನು ಇಂದಿನ ವಿದ್ಯಾರ್ಥಿ ಊಹಿಸಲಾರ. 1854ರ ಪರೀಕ್ಷೆಯು ಎಂಟು ದಿನಗಳ ಕಾಲ ನಡೆದು, 16 ಪತ್ರಿಕೆಗಳಲ್ಲಿ 211 ಪ್ರಶ್ನೆಗಳನ್ನು ಒಡ್ಡಿ, ಒಟ್ಟು ನಾಲ್ವತ್ತನಾಲ್ಕೂವರೆ ಗಂಟೆಗಳನ್ನು ನುಂಗಿತು. ಆ ವರ್ಷ ಸೀನಿಯರ್ ರ‍್ಯಾಂಗ್ಲರ್ ಆದವನು ಎಡ್ವರ್ಡ್ ರೌತ್. ಅವನ ಹಿಂದೆ ಎರಡನೆಯವನಾಗಿ ನಿಂತವನು, ಮುಂದೆ ವಿದ್ಯುತ್ಕಾಂತ ಸಿದ್ಧಾಂತದಿಂದ ಭೌತವಿಜ್ಞಾನದ ಮುಖವನ್ನೇ ಬದಲಿಸಿದ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್.

ಇಂಥ ಪರೀಕ್ಷೆಯನ್ನು ಎದುರಿಸಲು ಪ್ರೊಫೆಸರರ ಉಪನ್ಯಾಸಗಳು ಯಾವ ಪ್ರಯೋಜನಕ್ಕೂ ಬರುತ್ತಿರಲಿಲ್ಲವಾದ್ದರಿಂದ, ವಿದ್ಯಾರ್ಥಿಗಳು ಕೈಯಿಂದ ಹಣ ತೆತ್ತು ಖಾಸಗಿ ಬೋಧಕರಲ್ಲಿಗೆ, ಎಂದರೆ ಕೋಚುಗಳಲ್ಲಿಗೆ, ಹೋಗತೊಡಗಿದರು. ನಮ್ಮ ಇಂದಿನ ಟ್ಯೂಷನ್ ಕ್ಲಾಸುಗಳಿಗೆ ಇಂಥ ಘನವಾದ ಪೂರ್ವಿಕರಿದ್ದಾರೆಂಬುದು ಸ್ವಾರಸ್ಯವಾದ ಸಂಗತಿ. ಈ ಕೋಚುಗಳಲ್ಲಿ ಮೊದಲ ಮಹಾಪುರುಷನೆನ್ನಿಸಿಕೊಂಡ ವಿಲಿಯಂ ಹಾಪ್‌ಕಿನ್ಸನು 17 ಮಂದಿ ಸೀನಿಯರ್ ರ‍್ಯಾಂಗ್ಲರುಗಳನ್ನು ತಯಾರಿಸಿದನು. ಸ್ಟೋಕ್ಸ್, ಕೇಲಿ, ಕೆಲ್ವಿನ್, ಮ್ಯಾಕ್ಸ್‌ವೆಲ್ ಇವರೆಲ್ಲರೂ ಅವನ ಕೋಣೆಯಲ್ಲಿ ಕುಳಿತವರೇ. ಅವನ ಶಿಷ್ಯನಾದ ರೌತನು ಗುರುವನ್ನೂ ಮೀರಿಸಿ, ಸುಮಾರು ಮೂವತ್ತು ವರ್ಷಗಳಲ್ಲಿ ಆರುನೂರಕ್ಕೂ ಹೆಚ್ಚು ಮಂದಿಗೆ ಪಾಠ ಹೇಳಿ, 27 ಮಂದಿಯನ್ನು ಪಟ್ಟಿಯ ಶಿರೋಭಾಗಕ್ಕೆ ಏರಿಸಿದನು. ಅವನ ಕ್ರಮವು ಹೀಗಿತ್ತು: ಕೆಲವೇ ವಿದ್ಯಾರ್ಥಿಗಳ ಒಂದೊಂದು ಗುಂಪು ಗಡಿಯಾರದ ಮುಳ್ಳಿಗೆ ಸರಿಯಾಗಿ ಬಂದು ಒಂದು ಗಂಟೆಯ ಪಾಠವನ್ನು ಕೇಳುತ್ತಿದ್ದಿತು; ಪಾಠಕ್ಕೆ ಪೂರಕವಾದ ಹಸ್ತಪ್ರತಿಗಳನ್ನು ಪಕ್ಕದ ಕೋಣೆಯಲ್ಲಿ ಇಟ್ಟಿರುತ್ತಿದ್ದು, ಅವನ್ನು ಅಲ್ಲಿಯೇ ಕುಳಿತು ನಕಲು ಮಾಡಿಕೊಳ್ಳಬೇಕಾಗಿದ್ದಿತು; ವಾರಕ್ಕೊಮ್ಮೆ ಎಲ್ಲ ಗುಂಪುಗಳಿಗೂ ಒಂದೇ ಸಮಸ್ಯಾಪತ್ರಿಕೆಯನ್ನು ಕೊಟ್ಟು, ಉತ್ತರಗಳನ್ನು ತಿದ್ದಿ, ಯಾರಿಗೆಷ್ಟು ಅಂಕವೆಂಬುದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ, ರೌತನ ಕೈಬರಹದ ಮಾದರಿ ಉತ್ತರಗಳನ್ನು ಮುಂದಿಡುತ್ತಿದ್ದರು. ಪರೀಕ್ಷೆಯಲ್ಲಿ ಮೊದಲು ‘ಬುಕ್‌ವರ್ಕ್’, ಎಂದರೆ ಪಠ್ಯದಲ್ಲಿರುವ ಉಪಪತ್ತಿಯನ್ನು ಇದ್ದಂತೆಯೇ ಒಪ್ಪಿಸುವುದು. ಅದರ ಬೆನ್ನಿಗೆ ‘ರೈಡರ್’, ಎಂದರೆ ಆ ಉಪಪತ್ತಿಯನ್ನು ಅನ್ವಯಿಸಿ ಮಾಡಬೇಕಾದ ಲೆಕ್ಕ. ಎರಡಕ್ಕೂ ಬೇಕಾದದ್ದು ಯೋಚಿಸಲು ನಿಲ್ಲದಂಥ ಕೈಯೋಟ. ರೌತನ ಶಿಷ್ಯನಿಗೆ ಮೂರು ವರ್ಷಗಳ ಕೊನೆಗೆ ಅದು ಸಿದ್ಧಿಸಿರುತ್ತಿದ್ದಿತು.

ಪದ್ಧತಿಗೆ ತನ್ನದೇ ಆದ ವಿನೋದಗಳೂ ಇಲ್ಲದಿರಲಿಲ್ಲ. ಆನರ್ಸ್ ಪಟ್ಟಿಯಲ್ಲಿ ಕಟ್ಟಕಡೆಯವನಾಗಿ ಪಾಸಾದವನಿಗೆ ಸಹಪಾಠಿಗಳು ಮರದ ಚಮಚವೊಂದನ್ನು ಬಹುಮಾನವಾಗಿ ಕೊಡುತ್ತಿದ್ದರು. ವರ್ಷ ವರ್ಷಕ್ಕೂ ಬೆಳೆಯುತ್ತ ಹೋದ ಈ ಚಮಚವು ಕೊನೆಕೊನೆಗೆ ದೋಣಿಯ ಹುಟ್ಟಿನಷ್ಟು ಉದ್ದವಾಗಿದ್ದಿತು. 1890ರಲ್ಲಿ ಫಿಲಿಪ್ಪಾ ಫಾಸೆಟ್ ಎಂಬ ವಿದ್ಯಾರ್ಥಿನಿಯು ಸೀನಿಯರ್ ರ‍್ಯಾಂಗ್ಲರನಿಗಿಂತಲೂ ಮೇಲಿನ ಸ್ಥಾನವನ್ನು ಪಡೆದಾಗ, ಸ್ತ್ರೀಯರಿಗೆ ಪದವಿಯೇ ಇಲ್ಲದ ಆ ಕಾಲದಲ್ಲಿ ಅವಳ ಹೆಸರನ್ನು ‘ಸೀನಿಯರ್ ರ‍್ಯಾಂಗ್ಲರನಿಗಿಂತ ಮೇಲೆ’ ಎಂದಷ್ಟೇ ಓದಿ ಹೇಳಿದರು. ಭಾರತೀಯರಲ್ಲಿ ಆನಂದಮೋಹನ ಬೋಸರು 1874ರಲ್ಲಿ ಮೊದಲ ರ‍್ಯಾಂಗ್ಲರರಾದರು. 1899ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಹೋದ ರಘುನಾಥ ಪುರುಷೋತ್ತಮ ಪರಾಂಜಪೆಯವರು ಇನ್ನೊಬ್ಬರೊಡನೆ ಸೀನಿಯರ್ ರ‍್ಯಾಂಗ್ಲರ್ ಪಟ್ಟವನ್ನು ಹಂಚಿಕೊಂಡಾಗ ದೇಶವೇ ಸಂಭ್ರಮಪಟ್ಟಿತು. ಸಾಮ್ರಾಜ್ಯದ ದೃಷ್ಟಿಯಲ್ಲಿ ಗಣಿತವೆಂದರೆ ಇದೇ ಆಗಿದ್ದಿತು.

ಇತ್ತ ಯೂರೋಪಿನ ಭೂಖಂಡದಲ್ಲಿ, ಅಷ್ಟರೊಳಗಾಗಿಯೇ, ಗಣಿತವು ಬೇರೊಂದು ದಾರಿಯನ್ನು ಹಿಡಿದಿದ್ದಿತು. ಈ ದಾರಿ ತೆರೆದದ್ದೂ ಪಾಠದ ಕೋಣೆಯಲ್ಲಿಯೇ ಎಂಬುದನ್ನು ಮರೆಯುವಂತಿಲ್ಲ. ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್ ಸಂಸ್ಥೆಯ ವಿದ್ಯಾರ್ಥಿಗಳಿಗೆಂದು ಕೋಶಿಯು 1821ರಲ್ಲಿ ಪ್ರಕಟಿಸಿದ ‘ಕೂರ್ ದನಲೀಸ್’ ಗ್ರಂಥವು, ನ್ಯೂಟನ್ ಲೈಬ್ನಿಟ್ಸರ ಕಾಲದಿಂದ ನೂರೈವತ್ತು ವರ್ಷ ಉಪಯೋಗದಲ್ಲಿದ್ದ ಕಲನಶಾಸ್ತ್ರಕ್ಕೆ ಮೊತ್ತಮೊದಲು ಮಿತಿಯ ಪರಿಕಲ್ಪನೆಯ ಮೇಲೆ ಅಸ್ತಿಭಾರವನ್ನು ಹಾಕಲು ಯತ್ನಿಸಿತು. ಎಂಜಿನಿಯರುಗಳಾಗಲು ಬಂದಿದ್ದ ಆ ವಿದ್ಯಾರ್ಥಿಗಳಿಗೆ ಈ ಕಟ್ಟುನಿಟ್ಟು ರುಚಿಸಲಿಲ್ಲ. ತರಗತಿ ಗಂಟೆ ಮೀರಿ ನಡೆದಾಗ ಅವರು ಪ್ರೊಫೆಸರರನ್ನು ಕೂಗಿ ಗೇಲಿಮಾಡಿದ್ದೂ ಉಂಟು. ಮುಂದೆ 1858ರಲ್ಲಿ ಜ್ಯೂರಿಕ್ಕಿನ ಪಾಲಿಟೆಕ್ನಿಕ್ಕಿನಲ್ಲಿ ಮೊದಲ ಬಾರಿಗೆ ಕಲನಶಾಸ್ತ್ರವನ್ನು ಪಾಠ ಹೇಳಬೇಕಾಗಿ ಬಂದ ರಿಚರ್ಡ್ ಡೆಡೆಕಿಂಡನಿಗೆ, ವಾಸ್ತವ ಸಂಖ್ಯೆಯೆಂದರೇನೆಂಬುದನ್ನೇ ತಾನು ವಿದ್ಯಾರ್ಥಿಗಳ ಮುಂದೆ ನಿಷ್ಕೃಷ್ಟವಾಗಿ ಹೇಳಲಾರೆನೆಂಬ ಅರಿವು ಮೂಡಿತು. ಆ ಅಸಮಾಧಾನದಿಂದ ಹುಟ್ಟಿದ ಸಣ್ಣ ಪುಸ್ತಕವನ್ನು ಅವನು 1872ರಲ್ಲಿ ಪ್ರಕಟಿಸಿದನು. ಬರ್ಲಿನ್ನಿನಲ್ಲಿ ವೈಯರ್‌ಸ್ಟ್ರಾಸನ ಉಪನ್ಯಾಸಗಳು ಇದೇ ಕಾರ್ಯವನ್ನು ಇನ್ನಷ್ಟು ವ್ಯಾಪಕವಾಗಿ ನೆರವೇರಿಸಿದವು. ಇಂದು ಬಿ.ಎಸ್‌ಸಿ. ವಿದ್ಯಾರ್ಥಿಯನ್ನು ಹೆದರಿಸುವ ಎಪ್ಸಿಲಾನ್ ಮತ್ತು ಡೆಲ್ಟಾಗಳು ಈ ಮನೆತನದವು. ವ್ಯವಹಾರಗಣಿತದೊಡನೆ ಅವಕ್ಕೆ ರಕ್ತಸಂಬಂಧವಿಲ್ಲ.

ಈ ಹೊಸ ಗಣಿತವು ಕೇಳುವ ಅಭ್ಯಾಸವೆಂಥದು ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಒಂದು, ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಎಂದು ಮುಂದುವರಿಯುವ ಅನುಕ್ರಮವು ಸೊನ್ನೆಯನ್ನು ಸಮೀಪಿಸುತ್ತದೆಂಬುದು ಹೈಸ್ಕೂಲಿನ ಹುಡುಗನಿಗೂ ಕಣ್ಣಿಗೆ ಕಾಣುವ ಸಂಗತಿ. ವಿಶ್ವವಿದ್ಯಾನಿಲಯದಲ್ಲಿ ಅಷ್ಟು ಸಾಲದು: ಪ್ರತಿಪಕ್ಷದವನು ಎಷ್ಟೇ ಸಣ್ಣದಾದ ಧನಸಂಖ್ಯೆಯನ್ನು ಮುಂದಿಟ್ಟರೂ, ಇಂಥ ಪದದಿಂದ ಮುಂದೆ ಎಲ್ಲ ಪದಗಳೂ ಅದಕ್ಕಿಂತ ಚಿಕ್ಕವೆಂದು ತೋರಿಸಬೇಕು, ಅವನು ಸಾವಿರದಲ್ಲೊಂದು ಎಂದರೆ ಸಾವಿರದ ಒಂದನೆಯ ಪದದಿಂದ ಎಂದು ಉತ್ತರ ಕೊಡಬೇಕು. ಇಲ್ಲಿಯವರೆಗೆ ಹುಡುಗನು ಹೇಗೋ ಬಂದಾನು. ಆ ಬಳಿಕ ಪ್ರಶ್ನೆ ಬರುತ್ತದೆ: ಒಂದು ಅನುಕ್ರಮವು ಒಂದು ಮಿತಿಯನ್ನು ಸಮೀಪಿಸುತ್ತಿದ್ದರೆ, ಮೊದಲಿನಿಂದ ತೆಗೆದ ಪದಗಳ ಸರಾಸರಿಗಳೂ ಅದೇ ಮಿತಿಯನ್ನು ಸಮೀಪಿಸುವುವೆಂದು ಸಾಧಿಸಿರಿ. ಇದರಲ್ಲಿ ಗುಣಿಸತಕ್ಕದ್ದಿಲ್ಲ, ಭಾಗಿಸತಕ್ಕದ್ದಿಲ್ಲ, ಹಚ್ಚಿ ನೋಡಲು ಸೂತ್ರವೂ ಇಲ್ಲ. ಎರಡು ಮೂರು ಸುಲಭವಾದ ಅನುಕ್ರಮಗಳನ್ನು ತೆಗೆದುಕೊಂಡು ಸರಾಸರಿಗಳನ್ನು ತಾನೇ ಬರೆದು ನೋಡಬೇಕು. ಮಿತಿಯಿಂದ ದೂರವಾಗಿ ನಿಂತಿರುವ ಮೊದಲ ಕೆಲವು ಪದಗಳ ಪ್ರಭಾವವು ಪದಗಳ ಸಂಖ್ಯೆ ಹೆಚ್ಚಿದಂತೆಲ್ಲ ಕರಗಿಹೋಗುವುದನ್ನು ಗಮನಿಸಬೇಕು. ಆಮೇಲೆ ಮೊತ್ತವನ್ನು ತಲೆಯೆಂದೂ ಬಾಲವೆಂದೂ ಎರಡಾಗಿ ಸೀಳುವ ಉಪಾಯವು ಹೊಳೆಯಬೇಕು. ಅಷ್ಟಕ್ಕೇ ಸುಮ್ಮನಾಗದೆ, ಇದರ ವಿಪರ್ಯಯವೂ ಸತ್ಯವೇ ಎಂದು ತನ್ನನ್ನು ತಾನೇ ಕೇಳಿಕೊಂಡು, ಧನ ಒಂದು, ಋಣ ಒಂದು ಎಂದು ಬದಲಾಯಿಸುತ್ತಲೇ ಇರುವ ಅನುಕ್ರಮವನ್ನು ನೆನೆದು, ಅಲ್ಲ ಎಂಬ ನಿರ್ಣಯಕ್ಕೆ ಬರಬೇಕು. ಅರ್ಧ ಪುಟದ ಕೆಲಸಕ್ಕೆ ಒಂದು ಸಂಜೆ ಹಿಡಿದರೆ ಅದು ನಿಧಾನವೇನೂ ಅಲ್ಲ. ರೌತನ ಶಿಷ್ಯನು ಇಷ್ಟು ಹೊತ್ತನ್ನು ಒಂದು ಪ್ರಶ್ನೆಗೆ ವ್ಯಯಿಸಿದ್ದರೆ ಚಮಚದ ಬಹುಮಾನಕ್ಕೆ ಅರ್ಹನಾಗುತ್ತಿದ್ದನು.

ಈ ಎರಡು ಅಭ್ಯಾಸಗಳ ಸಂಘರ್ಷವನ್ನು ತನ್ನ ಜೀವನದಲ್ಲಿಯೇ ಅನುಭವಿಸಿ, ಅದಕ್ಕೊಂದು ಪರಿಹಾರವನ್ನೂ ಬರೆದಿಟ್ಟವನು ಗಾಡ್ಫ್ರಿ ಹೆರಾಲ್ಡ್ ಹಾರ್ಡಿ. ವಿಂಚೆಸ್ಟರ್ ಶಾಲೆಯಿಂದ 1896ರಲ್ಲಿ ಟ್ರಿನಿಟಿ ಕಾಲೇಜಿಗೆ ಬಂದ ಹಾರ್ಡಿಯನ್ನು, ರೌತನ ಅನಂತರ ಕೋಚುಗಳಲ್ಲಿ ಅಗ್ರಗಣ್ಯನಾಗಿದ್ದ ವೆಬ್ ಎಂಬಾತನ ಬಳಿಗೆ ಕಳುಹಿಸಿದರು. ಅಲ್ಲಿಯ ಗಾಣದ ದುಡಿಮೆಗೆ ಬೇಸತ್ತ ಹಾರ್ಡಿಯು, ಗಣಿತವನ್ನೇ ಬಿಟ್ಟು ಚರಿತ್ರೆಯನ್ನು ಓದೋಣವೇ ಎಂದು ಸಹ ಆಲೋಚಿಸಿದ್ದುಂಟು. ಅನಂತರ ಲವ್ ಎಂಬ ಅನ್ವಿತ ಗಣಿತಜ್ಞನ ಕೈಕೆಳಗೆ ಬಂದಾಗ, ಆತನು ಫ್ರೆಂಚ್ ಗಣಿತಜ್ಞನಾದ ಜೋರ್ಡಾನನ ಗ್ರಂಥವನ್ನು ಓದೆಂದು ಹೇಳಿದನು. ಗಣಿತವೆಂದರೆ ಏನೆಂಬುದು ತನಗೆ ಮೊದಲು ತಿಳಿದದ್ದು ಆ ಓದಿನಿಂದಲೇ ಎಂದು ಹಾರ್ಡಿ ಮುಪ್ಪಿನಲ್ಲಿ ಸ್ಮರಿಸಿಕೊಂಡಿದ್ದಾನೆ. 1898ರಲ್ಲಿ ಅವನು ನಾಲ್ಕನೆಯ ರ‍್ಯಾಂಗ್ಲರ್ ಆದನು. ಹತ್ತು ವರ್ಷಗಳ ಬಳಿಕ, 1908ರಲ್ಲಿ, ಅವನು ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆಂದೇ ‘ಎ ಕೋರ್ಸ್ ಆಫ್ ಪ್ಯೂರ್ ಮ್ಯಾಥಮ್ಯಾಟಿಕ್ಸ್’ ಎಂಬ ಪುಸ್ತಕವನ್ನು ಬರೆದನು. ಶಾಲೆಯಿಂದ ಬಂದ ಬುದ್ಧಿವಂತ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿದಂತಿರುವ ಆ ಗ್ರಂಥದ ಮೊದಲ ಆವೃತ್ತಿಯಲ್ಲಿ ಡೆಡೆಕಿಂಡನ ಸಂಖ್ಯಾಸಿದ್ಧಾಂತವನ್ನು ಅವನು ಸೇರಿಸಿರಲಿಲ್ಲ. 1914ರ ಎರಡನೆಯ ಆವೃತ್ತಿಯಲ್ಲಿ ಮೊದಲನೆಯ ಅಧ್ಯಾಯಕ್ಕೇ ಅದನ್ನು ತಂದಿರಿಸಿದನು. ರ‍್ಯಾಂಗ್ಲರುಗಳನ್ನು ಸ್ಥಾನಾನುಕ್ರಮವಾಗಿ ಪ್ರಕಟಿಸುವ ಪದ್ಧತಿಯು 1909ರ ಪಟ್ಟಿಯೊಡನೆ ನಿಂತಿತು. ಹಾರ್ಡಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. 1926ರಲ್ಲಿಯೂ ಅವನು ಟ್ರೈಪಾಸನ್ನು ತೊಡೆದುಹಾಕಬೇಕೆಂದೇ ವಾದಿಸಿದನು. ನನ್ನ ಮಟ್ಟಿಗೆ ಹೇಳುವುದಾದರೆ, ಈ ವಾದವು ಕೊಂಚ ಅತಿಯಾಯಿತು. ಮ್ಯಾಕ್ಸ್‌ವೆಲ್ ಕೆಲ್ವಿನ್‌ರಂಥವರ ಕೈಗೆ ಬಂದ ಲೆಕ್ಕದ ಹದವು ಆ ಗಾಣದಲ್ಲಿಯೇ ತಯಾರಾದದ್ದು. ಕಲಿತ ಕೈಯೋಟವನ್ನು ಮರೆಯಬೇಕೆಂದು ಹೊಸ ಗಣಿತವು ಯಾರನ್ನೂ ಕೇಳಲಿಲ್ಲ, ಅದನ್ನು ತಡೆಹಿಡಿದು ನಿಲ್ಲಿಸಲು ಬರಬೇಕೆಂದಷ್ಟೇ ಕೇಳಿತು.

ಕೋಚುಗಳ ಗಣಿತವು ನಮ್ಮ ದೇಶದ ಮೂಲೆಮೂಲೆಗಳನ್ನು ಮುಟ್ಟಿದ್ದುದಕ್ಕೆ ಶ್ರೀನಿವಾಸ ರಾಮಾನುಜನ್ನರ ಬಾಳೇ ಸಾಕ್ಷಿ. ಕುಂಭಕೋಣದ ಹೈಸ್ಕೂಲಿನಲ್ಲಿದ್ದಾಗ, ಸುಮಾರು 1903ರಲ್ಲಿ, ಅವರ ಕೈಗೆ ಸಿಕ್ಕ ಕಾರ್ ಎಂಬಾತನ ‘ಸಿನಾಪ್ಸಿಸ್’ ಸಾವಿರಾರು ಸೂತ್ರಗಳನ್ನು ಉಪಪತ್ತಿಯಿಲ್ಲದೆ, ಇದ್ದರೂ ಒಂದೆರಡು ಮಾತಿನ ಸೂಚನೆಯೊಡನೆ, ಪೇರಿಸಿಟ್ಟಿದ್ದ ಗ್ರಂಥ. ಅದನ್ನು ಸಂಕಲಿಸಿದ ಕಾರ್ ಸ್ವತಃ ವಿದ್ಯಾರ್ಥಿಗಳನ್ನು ಪರೀಕ್ಷೆಗೆ ತಯಾರು ಮಾಡುತ್ತಿದ್ದ ಒಬ್ಬ ಕೋಚು. ಪರೀಕ್ಷೆಯ ಪುನರಾವರ್ತನೆಗೆಂದು ಹುಟ್ಟಿದ ಪುಸ್ತಕವು ಹೀಗೆ ಒಬ್ಬ ಮಹಾಪ್ರತಿಭೆಗೆ ಏಕೈಕ ಗುರುವಾಯಿತು. ಕಾಗದಕ್ಕೆ ದುಡ್ಡಿಲ್ಲದೆ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದಲೇ ಒರಸಿ, ಕೊನೆಯ ಫಲವನ್ನು ಮಾತ್ರ ನೋಟುಪುಸ್ತಕಕ್ಕೆ ಏರಿಸುತ್ತಿದ್ದ ಅವರ ಅಭ್ಯಾಸದಲ್ಲಿ ಉಪಪತ್ತಿಗೆ ನಿಲ್ಲಲು ಸ್ಥಳವೇ ಇರಲಿಲ್ಲ. ಮದರಾಸು ವಿಶ್ವವಿದ್ಯಾನಿಲಯದ ಎಫ್.ಎ. ಪರೀಕ್ಷೆ ಅವರಿಗೆ ದಾಟಲಾಗದ ಹೊಳೆಯಾಯಿತು. ಇಂಗ್ಲಿಷಿನಲ್ಲಿ ಎಡವಿ ವಿದ್ಯಾರ್ಥಿವೇತನವನ್ನೇ ಕಳೆದುಕೊಂಡರು. 1914ರ ವಸಂತದಲ್ಲಿ ಅವರು ಕೇಂಬ್ರಿಜ್ಜಿಗೆ ಬಂದಾಗ, ಉಪಪತ್ತಿಯ ಶಿಸ್ತನ್ನು ಅವರಿಗೆ ಆದಿಯಿಂದ ಕಲಿಸಬೇಕೇ, ಕಲಿಸಹೊರಟರೆ ಆ ಸ್ಫೂರ್ತಿಯೇ ಬತ್ತಿಹೋದೀತೇ ಎಂಬ ಧರ್ಮಸಂಕಟವು ಹಾರ್ಡಿಯನ್ನು ಕಾಡಿತು. ಪ್ರಥಮ ವರ್ಷದವರಿಗೆ ಪುಸ್ತಕವನ್ನೇ ಬರೆದವನು ಈ ಒಬ್ಬ ವಿದ್ಯಾರ್ಥಿಯ ವಿಷಯದಲ್ಲಿ ತನ್ನ ಪುಸ್ತಕವನ್ನು ಬದಿಗಿಟ್ಟು, ಬೇಕಾದಷ್ಟನ್ನು ಮಾತ್ರ ಮಾತಿನ ನಡುವೆ ಹೇಳಿಕೊಡಬೇಕಾಯಿತು. ಟ್ರೈಪಾಸಿನ ಒಂದು ಪತ್ರಿಕೆಗೂ ಕೂಡದೆ, ಸಂಶೋಧನೆಯ ಬಲದಿಂದಲೇ ರಾಮಾನುಜನ್ನರು 1916ರ ಮಾರ್ಚಿಯಲ್ಲಿ ಕೇಂಬ್ರಿಜ್ಜಿನ ಬಿ.ಎ. ಪದವಿಯನ್ನು ಪಡೆದರು.

ಅದೇ 1916ರ ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದುವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಮದರಾಸಿನ ಪರೀಕ್ಷೆಗಳಿಗೆ ಅಧೀನವಾಗಿದ್ದು, ಮದರಾಸು ಕೇಂಬ್ರಿಜ್ಜಿನ ಹಳೆಯ ಪದ್ಧತಿಯ ಛಾಯೆಯಲ್ಲಿದ್ದಿತು. ಹಾಲ್ ಮತ್ತು ನೈಟರ ಬೀಜಗಣಿತ, ಲೋನಿಯ ತ್ರಿಕೋಣಮಿತಿ ಇವುಗಳು ಆ ವಂಶದ ಪಠ್ಯಗಳು, ಇವುಗಳ ಅಭ್ಯಾಸದ ಲೆಕ್ಕಗಳನ್ನು ಮಾಡಿ ಬೆಳೆದವರು ನಮ್ಮಲ್ಲಿ ಎರಡು ಮೂರು ತಲೆಮಾರಿನವರಿದ್ದಾರೆ. ಆನರ್ಸ್ ತರಗತಿಗೆ ಹೋದವನಿಗೆ ಹಾರ್ಡಿಯ ಗ್ರಂಥದೊಡನೆ ಮೊದಲ ಮುಖಾಮುಖಿ. ಹೈಸ್ಕೂಲಿನಲ್ಲಿ ಕನ್ನಡವು ಬೋಧನಭಾಷೆಯಾದ ಮೇಲೆ ಈ ಮುಖಾಮುಖಿಗೆ ಇನ್ನೊಂದು ತೊಡಕು ಕೂಡಿಕೊಂಡಿತು: ಸಾಧ್ಯ, ಪಕ್ಷ, ಉಪಪತ್ತಿ ಎಂದು ಕನ್ನಡದಲ್ಲಿ ರೇಖಾಗಣಿತವನ್ನು ಬರೆದು ಬಂದ ಹುಡುಗನು, ‘ಪ್ರತಿಯೊಂದಕ್ಕೂ’ ಮತ್ತು ‘ಒಂದಾದರೂ’ ಎಂಬ ಎರಡು ಮಾತುಗಳ ಹಿಂದುಮುಂದಿನಿಂದಲೇ ಅರ್ಥವು ತಲೆಕೆಳಗಾಗುವ ವಾಕ್ಯಗಳನ್ನು, ಇನ್ನೂ ಸರಿಯಾಗಿ ಪಳಗದ ಇಂಗ್ಲಿಷಿನಲ್ಲಿ ಹಿಡಿಯಬೇಕಾಯಿತು. ಗ್ರಹಿಸಲಾಗದೆ ಅವನು ಮಾಡುತ್ತಿದ್ದುದು ತನಗೆ ಪಳಗಿದ ಕೆಲಸವನ್ನೇ. ಉಪಪತ್ತಿಯನ್ನು ಬಾಯಿಪಾಠ ಮಾಡಿಬಿಡುತ್ತಿದ್ದನು.

ಈ ಸ್ಥಿತಿಯು ನಮ್ಮೊಬ್ಬರದೇ ಅಲ್ಲವೆಂಬುದನ್ನು ಗ್ಯೋಟಿಂಗೆನ್ನಿನ ಫೆಲಿಕ್ಸ್ ಕ್ಲೈನನು, ಹಾರ್ಡಿಯ ಗ್ರಂಥವು ಹೊರಬಿದ್ದ 1908ರಲ್ಲಿಯೇ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ಎತ್ತಿ ತೋರಿಸಿದ್ದನು. ಉಪಾಧ್ಯಾಯವೃತ್ತಿಗೆ ಹೋಗತಕ್ಕ ವಿದ್ಯಾರ್ಥಿಗೆ ಎರಡು ವಿಚ್ಛೇದಗಳಾಗುತ್ತವೆಂದು ಅವನ ವಾದ: ವಿಶ್ವವಿದ್ಯಾನಿಲಯಕ್ಕೆ ಬಂದೊಡನೆ ಶಾಲೆಯ ಗಣಿತವನ್ನು ಮರೆಯಬೇಕಾಗುವುದು ಒಂದು, ಪದವಿ ಪಡೆದು ಶಾಲೆಗೆ ಮರಳಿದೊಡನೆ ವಿಶ್ವವಿದ್ಯಾನಿಲಯದ ಗಣಿತವನ್ನು ಮರೆಯಬೇಕಾಗುವುದು ಮತ್ತೊಂದು. ನಮ್ಮ ತಾಲೂಕು ಕೇಂದ್ರದ ಹೈಸ್ಕೂಲಿಗೆ ಬಿ.ಎಸ್‌ಸಿ., ಬಿ.ಎಡ್. ಮುಗಿಸಿ ಬರುವ ತರುಣ ಉಪಾಧ್ಯಾಯರು ಡೆಡೆಕಿಂಡನನ್ನು ಓದದವರೇನಲ್ಲ. ಆದರೆ ಮಾರ್ಚಿ ತಿಂಗಳ ಎಸ್.ಎಸ್.ಎಲ್.ಸಿ. ಪತ್ರಿಕೆಯು ಡೆಡೆಕಿಂಡನನ್ನು ಕೇಳುವುದಿಲ್ಲ, ಹೆಡ್‌ಮಾಸ್ತರರು ಶೇಕಡಾವಾರು ಫಲಿತಾಂಶವನ್ನು ಕೇಳುತ್ತಾರೆ. ಹಳೆಯ ಪ್ರಶ್ನಪತ್ರಿಕೆಗಳ ಕಟ್ಟನ್ನು ಬಿಚ್ಚಿ, ಹಿಂದೆ ತಮ್ಮ ಮೇಷ್ಟರು ಮಾಡಿಸಿದಂತೆಯೇ, ಒಂದನೆಯ ಲೆಕ್ಕದಿಂದ ಕೊನೆಯ ಲೆಕ್ಕದವರೆಗೆ ಅವರು ಹಲಗೆಯ ಮೇಲೆ ಮಾಡಿಸುತ್ತಾರೆ. ಮುಂದಿನ ವರ್ಷ ಅವರ ಶಿಷ್ಯರಲ್ಲಿ ಗಟ್ಟಿಗನಾದವನು ಕಾಲೇಜಿಗೆ ಹೋಗುತ್ತಾನೆ.